ಗುಡಿ ಮುಚ್ಚಿದಾಗಿನ ರೊಟ್ಟಿ ಬುಟ್ಟಿ

ನಮ್ಮ ಚೊಳಚಗುಡ್ಡದಿಂದ ಬನಶಂಕರಿ ಗುಡಿಗೆ ರೊಟ್ಟಿ ಬುಟ್ಟಿ ಹೊತ್ತು ಹೋಗುವ ಹೆಂಗಸರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಪುಟ್ಟ ಗಡಿಗೆಯಲ್ಲಿ ಮೊಸರು. ಹೊಂಡದ ಕಟ್ಟೆಯ ಮೇಲೆ ಕುಳಿತ ಭಕ್ತರನ್ನು ಹುಡುಕಿಕೊಂಡು ಹೋಗಿ ಬಡಿಸುತ್ತಾಳೆ. ಗುಡಿಯ ಮುಂದೆ ನನ್ನದು ಕಾಯಿ, ಹೂವಿನ ಅಂಗಡಿ. ಕೊರೋನಾ ಬಂದು ಗುಡಿಯ ಬಾಗಿಲು ಹಾಕಿದಾಗ ಇಬ್ಬರ ಕೆಲಸವೂ ಒಂದೇ ದಿನ ನಿಂತು ಮನೆಯಲ್ಲಿ ಕುಳಿತೆವು.

ಆದರೆ ಅವಳ ಕೈ ಕುಳಿತಿರಲಿಲ್ಲ. ನಸುಕಿನಲ್ಲೇ ಎದ್ದು ಮೊದಲಿನಷ್ಟೇ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರಿಗೆ ಎಷ್ಟು ಸಾಕು ಎಂಬುದು ಆ ಕೈಗೆ ಗೊತ್ತೇ ಇರಲಿಲ್ಲ. ಚೆಲ್ಲಬಾರದೆಂದು ನಾವೇ ತಿಂದೆವು. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ರೊಟ್ಟಿ, ಸಂಜೆ ಹೊತ್ತು ಹೋಗದೆ ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಮುಟಗಿ. ಅದರ ಮೇಲೆ ರೇಷನ್ ಅಕ್ಕಿಯ ಅನ್ನ. ತಿನ್ನುವುದು, ಮಲಗುವುದು. ನನಗೆ ಹೊಟ್ಟೆ ಬಂತು. ಅವಳಿಗೆ ಮೊದಲೇ ಸಕ್ಕರೆ ಕಾಯಿಲೆ. ಬಾಯಿ ಒಣಗತೊಡಗಿತು, ಪಾದ ಜುಮುಗುಡತೊಡಗಿತು.

ಬಾದಾಮಿಯ ದವಾಖಾನೆಯಲ್ಲಿ ರಕ್ತ ನೋಡಿದ ಡಾಕ್ಟರು ಗುಳಿಗೆ ಬದಲಿಸಿಕೊಟ್ಟರು. ಊಟ ಕಡಿಮೆ ಮಾಡಿ ದಿನಾ ನಡೆಯಬೇಕು, ಮುಂದಿನ ಸಲವೂ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಸೂಜಿಯೇ ಗತಿ ಎಂದರು. ಹೆಂಡತಿಗೆ ಸೂಜಿಯೆಂದರೆ ಭಾಳ ಹೆದರಿಕೆ. ಅವಳ ತಾಯಿ ಕೊನೆಯವರೆಗೂ ಹೊಟ್ಟೆಗೆ ಚುಚ್ಚಿಕೊಂಡದ್ದನ್ನು ನೋಡಿದ್ದಳು.

ಊಟ ಹೇಗೋ ಕಡಿಮೆಯಾಯಿತು. ನಡೆಯುವುದು ಮಾತ್ರ ಆಗಲಿಲ್ಲ. ಎಷ್ಟು ಕರೆದರೂ ಹೊಸ್ತಿಲು ದಾಟಲಿಲ್ಲ.

"ಕೆಲ್ಸ ಇಲ್ದ ಹಾದ್ಯಾಗ ಅಡ್ಡಾಡಿದ್ರ ಮಂದಿ ಏನಂದಾರ್ರೀ? ತಲಿ ಕೆಟ್ಟೈತಿ ಅಂತಾರ."

ನಮ್ಮಲ್ಲಿ ಹೆಂಗಸರು ನೀರಿಗೆ, ಹೊಲಕ್ಕೆ, ಗುಡಿಗೆ ನಡೆಯುತ್ತಾರೆ. ಸುಮ್ಮನೆ ನಡೆಯಲೆಂದು ಯಾರೂ ಹೋಗುವುದಿಲ್ಲ.

ಆಗ ನೆನಪಾದದ್ದು ಊರಾಚೆಯ ಎಲೆಬಳ್ಳಿ ತೋಟ. ಇಳಕಲ್ ಕಡೆಯ ಇಬ್ಬರು ಆಳುಗಳು ಬಸ್ಸಿಲ್ಲದೆ ಅಲ್ಲೇ ಉಳಿದು, ಬರೀ ಅನ್ನ ಬೇಯಿಸಿಕೊಂಡು ಉಣ್ಣುತ್ತಿದ್ದರು. ಅವರಿಗೆ ರೊಟ್ಟಿ ಒಯ್ಯೋಣವೇ ಎಂದು ಕೇಳಿದೆ. ಮಾತು ಮುಗಿಯುವ ಮೊದಲೇ ಅವಳು ಸಿಂಬಿ ಸುತ್ತಿ ಬುಟ್ಟಿಯನ್ನು ತಲೆಗೇರಿಸಿದ್ದಳು. ಮಾಸ್ಕಿನೊಳಗೆ ಏದುತ್ತ ನಾನು ಹಿಂದೆ. ದಾರಿಯುದ್ದಕ್ಕೂ ಅವಳು ಕೂತು ಕೂತು ಎದ್ದಳು.

"ಯಕ್ಕಾ, ರೊಟ್ಟಿ ದಪ್ಪ ಆಗ್ಯಾವಲ್ಲ," ಎಂದ ಆ ಆಳುಗಳಲ್ಲಿ ಒಬ್ಬ.

"ಮೊದ್ಲ ತಿನ್ನಪಾ, ಆಮ್ಯಾಲ ರೊಟ್ಟಿಗಿ ಹೆಸ್ರಿಡು."

ಅವರು ಉಂಡು ಮುಗಿಸುವವರೆಗೂ ನಿಂತೇ ಇದ್ದಳು. ಮನೆಗೆ ಬಂದು ತಾನು ಒಂದೇ ರೊಟ್ಟಿ ಉಂಡಳು. ಮರುದಿನ ನಾನು ಕರೆಯಬೇಕಾಗಲಿಲ್ಲ. ಬರಬರುತ್ತಾ ದಾರಿಯಲ್ಲಿ ಕೂರುವುದೂ ಕಡಿಮೆಯಾಯಿತು.

ಬಸ್ಸು ಮತ್ತೆ ಶುರುವಾಗಿ ಆ ಇಬ್ಬರೂ ಊರಿಗೆ ಹೋದ ವಾರವೇ ನಾವು ಮತ್ತೆ ಬಾದಾಮಿಗೆ ಹೋದೆವು. ಡಾಕ್ಟರು ರಿಪೋರ್ಟ್ ನೋಡುವಷ್ಟು ಹೊತ್ತೂ ಅವಳು ನನ್ನ ಅಂಗಿಯ ತುದಿ ಹಿಡಿದಿದ್ದಳು. ಸಕ್ಕರೆ ಇಳಿದಿದೆ, ಸದ್ಯ ಗುಳಿಗೆಯೇ ಸಾಕು ಎಂದರು. ಅವಳಿಗೆ ನಂಬಿಕೆ ಬರಲಿಲ್ಲ.

"ಹಂಗಾರ ಸೂಜಿ ಬ್ಯಾಡಲ್ರೀ?"

ಡಾಕ್ಟರು ನಕ್ಕು, ಬೇಡವೆಂದು ಇನ್ನೊಮ್ಮೆ ಹೇಳಿದರು. ಹೊರಗೆ ನಮ್ಮೂರ ಕಡೆ ಹೋಗುವ ಟಂಟಂ ಆಟೋ ನಿಂತಿತ್ತು. ನಾನು ಕೈ ಎತ್ತಿದರೆ ಅವಳು ಕೆಳಗಿಳಿಸಿದಳು.

"ತಡೀರಿ, ಸ್ವಲ್ಪ ದೂರ ನಡಕೋತ ಹೋಗೂಣು."

ಬಿಸಿಲಿತ್ತು. ಸೆರಗು ತಲೆಗೆಳೆದುಕೊಂಡು ನನಗಿಂತ ಮುಂದೆ ಹೋದಳು.