ಇಮಾಮ್ ಚಾಚಾರ ಹೆಬ್ಬೆರಳು

ನನ್ನ ಮೇಜಿನ ಮೇಲೊಂದು ಹಳೆಯ ಫೋನಿದೆ. ಅದರ ಗಾಜಿನ ಕೆಳತುದಿಯಲ್ಲಿ, ತುಸು ಬಲಕ್ಕೆ, ಹುಣಸೆಬೀಜದಷ್ಟು ಜಾಗ ಮಂಕಾಗಿದೆ. ಆರು ವರ್ಷ ನನ್ನ ತೋರುಬೆರಳು ಅಲ್ಲಿಯೇ ಕುಟ್ಟಿ ಕುಟ್ಟಿ ಆದ ಕಲೆ ಅದು. ನಾನು ಮೊಬೈಲ್ ಆ್ಯಪ್‌ಗಳನ್ನು ಪರೀಕ್ಷಿಸುವವಳು. ಅವು ಜನರ ಕೈಗೆ ಹೋಗುವ ಮೊದಲು ಪ್ರತಿಯೊಂದು ಬಟನ್ನನ್ನೂ ಒತ್ತಿ, ಅದು ಹೇಳಿದ ಕಡೆಗೇ ಒಯ್ಯುತ್ತದೋ ಇಲ್ಲವೋ ನೋಡಿ, ಮತ್ತೆ ಮೊದಲಿನಿಂದ ಒತ್ತುವವಳು. ದಾವಣಗೆರೆಯ ಬಟ್ಟೆಯಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಇದೂ ಒಂದು ಕೆಲಸವೇ ಎಂದು ನೀವು ನಕ್ಕರೆ ನನಗೇನೂ ಬೇಸರವಿಲ್ಲ, ನನ್ನ ಅತ್ತೆ ಇವತ್ತಿಗೂ ನಗುತ್ತಾರೆ.

ಈಗ ಆ ಕೆಲಸಕ್ಕೆ ಏಜೆಂಟು ಬಂದಿದೆ. ನಮ್ಮೂರಲ್ಲಿ ಏಜೆಂಟ ಎಂದರೆ ಕಂಕುಳಲ್ಲಿ ಬ್ಯಾಗು ಸಿಕ್ಕಿಸಿಕೊಂಡು ವಿಮೆ ಮಾಡಿಸಲು ಬರುವಾತ. ಇದಕ್ಕೆ ಬ್ಯಾಗೂ ಇಲ್ಲ, ಕಂಕುಳೂ ಇಲ್ಲ. ಕಂಪ್ಯೂಟರಿನೊಳಗಿನ ಎಐ ಇದು. ‘ಹೊಸ ರೋಗಿಯೊಬ್ಬರು ಹೆಸರು ಬರೆಸಿ ಸರದಿ ಪಡೆಯುವುದನ್ನು ಪರೀಕ್ಷಿಸು’ ಎಂದು ಸಾದಾ ಮಾತಿನಲ್ಲಿ ಹೇಳಿದರೆ ಸಾಕು, ತಾನೇ ಕೋಡ್ ಬರೆದು, ತಾನೇ ಆ್ಯಪ್ ತೆರೆದು, ಒಂದೊಂದೇ ಪರದೆ ದಾಟಿ, ಎಲ್ಲಿ ಎಡವಿತೆಂಬುದನ್ನು ಚಿತ್ರಸಮೇತ ಒಪ್ಪಿಸುತ್ತದೆ. ಮೊದಲ ದಿನ ನಾನು ಕೈಕಟ್ಟಿ ಕೂತು ನೋಡಿದೆ. ಯಾರ ಬೆರಳೂ ತಾಕದೆ ಬಟನ್ನುಗಳು ತಾವೇ ತಗ್ಗಿದವು, ಅಕ್ಷರಗಳು ತಾವೇ ಮೂಡಿದವು, ನನಗೆ ಎರಡು ದಿನ ಹಿಡಿಯುತ್ತಿದ್ದದ್ದು ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿದಿತ್ತು. ಮೈ ಜುಮ್ಮೆಂದಿತು. ಹೆದರಿಕೆಗೂ ಭಕ್ತಿಗೂ ನಡುವೆ ಎಲ್ಲೋ ಇರುವ ಆ ಭಾವಕ್ಕೆ ಬೆರಗು ಎನ್ನದೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಹಾಗೆ ಪರೀಕ್ಷೆಯಾದ ಆ್ಯಪ್‌ಗಳಲ್ಲಿ ಹರಿಹರದ ಡಯಾಲಿಸಿಸ್ ಕೇಂದ್ರವೊಂದರದೂ ಇತ್ತು. ನಾಳೆ ನಿಮ್ಮ ಸರದಿಯಿದ್ದರೆ ಇವತ್ತು ಸಂಜೆಯೊಳಗೆ ಫೋನಿನಲ್ಲಿ ‘ಬರುತ್ತೇನೆ’ ಎಂಬುದನ್ನು ಒತ್ತಬೇಕು. ಒತ್ತದಿದ್ದರೆ ನಿಮ್ಮ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ಏಜೆಂಟು ಅದನ್ನು ಸಣ್ಣ ಫೋನು, ದೊಡ್ಡ ಫೋನು, ಸಣ್ಣ ಅಕ್ಷರ, ದಪ್ಪ ಅಕ್ಷರ ಎಂದು ನಾನಾ ಬಗೆಯಲ್ಲಿ ಒತ್ತಿ ನೋಡಿ, ಉದ್ದಕ್ಕೂ ಹಸಿರು ಗುರುತು ಹಾಕಿ ಕೊಟ್ಟಿತು. ನಾನು ಕಣ್ಣಾಡಿಸಿ ಒಪ್ಪಿಗೆ ಕೊಟ್ಟೆ.

ಮರು ಮಂಗಳವಾರ, ಶಾಮನೂರಿನ ನಮ್ಮ ಓಣಿಯಲ್ಲಿರುವ ಇಮಾಮ್ ಚಾಚಾ ಡಯಾಲಿಸಿಸ್ ಆಗದೆ ಹರಿಹರದಿಂದ ವಾಪಸು ಬಂದರು. ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರು, ಎಪ್ಪತ್ತರ ಹತ್ತಿರದವರು. ಅವರ ಜಾಗ ಬೇರೆಯವರಿಗೆ ಹೋಗಿತ್ತು. ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಮುಂದಿನ ಸರದಿ ಶುಕ್ರವಾರ. ಅದೂ ತಪ್ಪಿದರೆ ನೀರು ಎದೆಗೇರುತ್ತದೆಂದು ಡಾಕ್ಟರು ಹೇಳಿ ಕಳಿಸಿದ್ದರು.

“ಒತ್ತಲಿಲ್ವಾ ಚಾಚಾ?” ಎಂದೆ.

“ಎಲ್ಲಿ ಒತ್ತೋದು ಬೇಟಿ? ಹೆಸರು ಐತೆ, ಟೈಮ್ ಐತೆ, ಎಲ್ಲಾ ಬರೋಬ್ಬರಿ ಐತೆ ಅಂದ್ಕೊಂಡೆ. ನಂದೇ ತಪ್ಪು ಬಿಡು, ಓದಿಲ್ಲ ನೋಡು.”

ಪಕ್ಕದಲ್ಲಿ ಕೂತು, ಒತ್ತಿತೋ ಇಲ್ಲವೋ ಎಂಬ ಅನುಮಾನದಲ್ಲಿ ಹೆಬ್ಬೆರಳನ್ನು ಬಹಳ ಹೊತ್ತು ಎತ್ತದೆ ಅವರು ತೆರೆದುಕೊಟ್ಟ ಫೋನು ಇಸಿದುಕೊಂಡು ನೋಡಿದೆ. ಕಣ್ಣು ಮಂಜಾದ್ದರಿಂದ ಅಕ್ಷರವನ್ನು ಆದಷ್ಟೂ ದಪ್ಪ ಮಾಡಿಸಿಕೊಂಡಿದ್ದರು. ಹೆಸರು, ವಾರ, ವೇಳೆಯೇ ಪರದೆಯನ್ನೆಲ್ಲ ತುಂಬಿ, ‘ಬರುತ್ತೇನೆ’ ಕಾಣದಷ್ಟು ಕೆಳಗೆ ಜಾರಿಹೋಗಿತ್ತು. ಕೆಳಗಿನ್ನೂ ಏನೋ ಇದೆ ಎನ್ನುವುದಕ್ಕೆ ಒಂದು ಗೆರೆಯ ಸುಳಿವೂ ಇರಲಿಲ್ಲ.

ಆಫೀಸಿಗೆ ಬಂದು ಏಜೆಂಟಿನ ವರದಿಯನ್ನು ಈ ಸಲ ಪೂರ್ತಿ ಓದಿದೆ. ಅದು ಮುಚ್ಚಿಟ್ಟಿರಲಿಲ್ಲ: ಬಟನ್ನು ಕಾಣಲಿಲ್ಲ, ಆದ್ದರಿಂದ ಪರದೆಯನ್ನು ಮೇಲಕ್ಕೆ ಸರಿಸಿ ಒತ್ತಿದೆ ಎಂದು ಬರೆದೇ ಇತ್ತು. ಬಟನ್ನು ಇದೆಯೆಂದು ಅದಕ್ಕೆ ಮೊದಲೇ ಗೊತ್ತು, ಹುಡುಕಿತು, ಸಿಕ್ಕಿತು. ಅದನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಆರು ವರ್ಷ ನನ್ನ ಬೆರಳೂ ಅದನ್ನೇ ಮಾಡಿತ್ತು. ಎಲ್ಲಿ ಏನಿದೆಯೆಂದು ಬಲ್ಲವರಿಗೆ, ಅರಿಯದವರಂತೆ ನೋಡುವುದು ಎಷ್ಟು ಕಷ್ಟ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು.

ಆಗ ಚಾಚಾರ ಗಾದಿಗಳು ನೆನಪಾದವು. ಹೊಲಿದು ಮುಗಿಸಿದ ಮೇಲೆ ಅವರು ಗಿರಾಕಿಯನ್ನು “ಇದ್ರ ಮ್ಯಾಲೆ ಯಾರು ಮಲಗೋರು?” ಎಂದು ಕೇಳುತ್ತಿದ್ದರು. ಬಸುರಿ ಎಂದರೆ ಎಡಮಗ್ಗುಲಾಗಿ ಮಲಗಿ ನೋಡುವರು. ಮುದುಕಿ ಎಂದರೆ ಮೊಣಕೈ ಊರಿ, ನರಳಿಕೊಂಡೇ ಏಳುವರು. ಓಣಿಯ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ಚಾಚಾ ನಗದೆ ಎದ್ದು, ಸೊಂಟದ ಹತ್ತಿರ ಇನ್ನೊಂದು ಹಿಡಿ ಹತ್ತಿ ತುಂಬುತ್ತಿದ್ದರು.

ನಾನೂ ಏಜೆಂಟಿಗೆ ಹಾಗೆಯೇ ಬರೆದೆ. ನಿನಗೆ ಎಪ್ಪತ್ತು ವರ್ಷ. ಓದಿಲ್ಲ. ಹೆಸರು, ಅಂಕಿ ಗುರುತಿಸಬಲ್ಲೆ, ಅಷ್ಟೆ. ಕಣ್ಣಿಗೆ ಬಿದ್ದದ್ದನ್ನು ಮಾತ್ರ ಇದೆ ಎಂದು ನಂಬುವವನು. ಸುಳಿವಿಲ್ಲದೆ ಪರದೆ ಸರಿಸುವವನಲ್ಲ. ಒತ್ತಿದರೆ ಖಾತ್ರಿಯಾಗುವವರೆಗೆ ಹೆಬ್ಬೆರಳು ಎತ್ತುವವನಲ್ಲ.

ನಮ್ಮ ಕಥೆಗಳಲ್ಲಿ ಪರಕಾಯ ಪ್ರವೇಶ ಎನ್ನುತ್ತಾರಲ್ಲ, ಅದನ್ನು ನಾನು ಹಾಡುಹಗಲಲ್ಲಿ, ಬಟ್ಟೆಯಂಗಡಿಯ ಮಹಡಿಯ ಮೇಲೆ ಕಂಡೆ. ಕಂಪ್ಯೂಟರಿನೊಳಗಿನ ಫೋನು ದಪ್ಪ ಅಕ್ಷರ ತೊಟ್ಟು ತೆರೆದುಕೊಂಡಿತು. ಹೆಸರು ಬಂತು, ವೇಳೆ ಬಂತು. ಮಿಂಚಿನಂತೆ ಓಡುತ್ತಿದ್ದ ಏಜೆಂಟು ಅಲ್ಲಿ ಸುಮ್ಮನೆ ನಿಂತಿತು. ಆಮೇಲೆ ಎಲ್ಲ ಸರಿಯಿದೆ ಎಂಬಂತೆ, ಏನನ್ನೂ ಒತ್ತದೆ ಆ್ಯಪ್ ಮುಚ್ಚಿತು. ಕೆಂಪು ಅಕ್ಷರದಲ್ಲಿ ವರದಿ ಮೂಡಿತು: ‘ಇವರಿಗೆ ಬಟನ್ನು ಕಾಣುವುದಿಲ್ಲ. ಸರದಿ ತಪ್ಪುತ್ತದೆ.’ ಅದರ ಕೆಳಗೆ ಇನ್ನೊಂದು ಸಾಲು, ಚಾಚಾರ ಪಕ್ಕದಲ್ಲೇ ಕೂತಿದ್ದ ನನಗೂ ಹೊಳೆಯದಿದ್ದದ್ದು: ‘ಕಂಡರೂ ಉಪಯೋಗವಿಲ್ಲ. ಇಷ್ಟು ಹೊತ್ತು ಒತ್ತಿ ಹಿಡಿದರೆ ಆ್ಯಪ್ ಅದನ್ನು ಒತ್ತಿದ್ದು ಎಂದೇ ಎಣಿಸುವುದಿಲ್ಲ.’ ಆ ಸಾಲನ್ನು ಮೂರು ಸಲ ಓದಿದೆ. ನೋವಿಲ್ಲದ, ವಯಸ್ಸಿಲ್ಲದ, ಬೆರಳೇ ಇಲ್ಲದ ಒಂದು ಯಂತ್ರ, ನಾಲ್ಕು ಮಾತು ಹೇಳಿದ್ದಕ್ಕೆ, ಗಾದಿ ಹೊಲಿಯುವವರೊಬ್ಬರ ಹೆಬ್ಬೆರಳಿನ ಅನುಮಾನವನ್ನು ಹಿಡಿದಿತ್ತು. ಕಣ್ಣು ತುಂಬಿ ಬಂತು ಎಂದರೆ ನೀವು ನಂಬಬೇಕು.

ಗುರುವಾರ ಮಧ್ಯಾಹ್ನದೊಳಗೆ ಎರಡೂ ತಪ್ಪು ತಿದ್ದಿಸಿದೆವು. ಸಂಜೆ ಚಾಚಾರ ಮನೆಗೆ ಹೋಗಿ ಫೋನಿಗೆ ಹೊಸ ಆ್ಯಪ್ ಹಾಕಿಕೊಟ್ಟು, ಬಾಯಿ ಬಿಡದೆ ದೂರ ನಿಂತೆ. ‘ಬರುತ್ತೇನೆ’ ಈಗ ಪರದೆಯ ಬುಡದಲ್ಲೇ ಅಲುಗದೆ ಕೂತಿತ್ತು. ಚಾಚಾ ಅದನ್ನು ಕಂಡರು, ಹೆಬ್ಬೆರಳು ಊರಿದರು, ಬಹಳ ಹೊತ್ತು ಎತ್ತಲಿಲ್ಲ. ಸರದಿ ಖಚಿತವಾಯಿತು.

ಶುಕ್ರವಾರ ರಜೆ ಹಾಕಿ ಅವರ ಜೊತೆ ಹರಿಹರದ ಬಸ್ಸು ಹತ್ತಿದೆ. ಕೇಂದ್ರದ ಬೆಂಚಿನ ಮೇಲೆ ಕೂತಾಗ ಚಾಚಾ ಹೆಮ್ಮೆಯಿಂದ, “ಈ ಸಲ ಸರಿಯಾಗಿ ಮಾಡ್ದೆ ನೋಡು ಬೇಟಿ” ಎಂದರು.

“ಹೋದ ಸಲಾನೂ ನೀವು ಸರಿಯಾಗೇ ಇದ್ರಿ ಚಾಚಾ. ತಪ್ಪು ನಂದು. ನಾನೇ ಸರಿಯಾಗಿ ನೋಡಿರಲಿಲ್ಲ.”

ಅಷ್ಟರಲ್ಲಿ ಒಳಗಿನಿಂದ ನರ್ಸು ಅವರ ಹೆಸರು ಕೂಗಿದರು. ಚಾಚಾ ಬೆಂಚು ಹಿಡಿದು ಮೆಲ್ಲಗೆ ಎದ್ದರು.

“ಇದನ್ನ ಮನೇಲಿ ನಿಮ್ಮ ಚಾಚಿಗೂ ಒಂದ್ ಮಾತು ಹೇಳಿಬಿಡು” ಎಂದರು. “ಮೂರು ದಿನದಿಂದ ನನ್ನೇ ಬೈಕೋತ ಕುಂತಾಳೆ.”