ಖಾಲಿ ಎಂದು ಹೇಳಿದ ಮನೆ

ಸುಶೀಲಾ ಆಂಟಿ, ನಾನು ನಿಮಗೆ ಸುಳ್ಳು ಹೇಳಿದೆ. ಅಮೆರಿಕದ ಆ ಮನೆಯಲ್ಲಿ ಜನರಿದ್ದರು — ನನಗದು ಗೊತ್ತಿತ್ತು.

ಕಂತು ನಿಂತುಹೋದ ಗೃಹಸಾಲದ ಪತ್ರಗಳನ್ನು ಅಲ್ಲಿನ ಬ್ಯಾಂಕುಗಳು ಅಗ್ಗಕ್ಕೆ ಮಾರುತ್ತವೆ. ಆಮೇಲೆ ಸಾಲ ಕೊಟ್ಟವನ ಜಾಗದಲ್ಲಿ ಕೂರುವವನು ಪತ್ರ ಕೊಂಡವನು; ಕಂತು ಬಂದರೆ ಕಂತು, ಇಲ್ಲದಿದ್ದರೆ ಮನೆ. ನಾವು ಮೂವರು ಗೆಳೆಯರು ಇಲ್ಲಿ ಬುಕಿತ್ ಬಾಟೋಕಿನ ನನ್ನ ಮನೆಯಲ್ಲಿ ಚಕ್ಕುಲಿ ಕಡಿಯುತ್ತ, ಕಂಡು ಕೇಳರಿಯದ ಆ ಜನರನ್ನು ಬೇಜವಾಬ್ದಾರಿಗಳೆಂದು ಹೀಗಳೆದೆವು. ನಮ್ಮ ಮೂವರ ಮನೆಗಳೂ ಸಾಲದ ಮೇಲೇ ನಿಂತಿದ್ದವು! ನಾಚಿಕೆ ನಮ್ಮ ಹತ್ತಿರ ಸುಳಿಯಲೂ ಇಲ್ಲ.

ಅಂಥದೊಂದು ಸಾಲಪತ್ರ ಕೊಳ್ಳಲು ನಮ್ಮ ಹಣ ಸಾಕಾಗದಿದ್ದಾಗ ಬೆಡೋಕಿನ ನಿಮ್ಮ ಮನೆಗೆ ಬಂದೆ. ಅಂಕಲ್ ಹೋದ ಮೇಲೆ ನಿಮ್ಮ ಕೈಗೆ ಬಂದ ಹಣದ ಮೇಲೆ ನನ್ನ ಕಣ್ಣಿತ್ತು. ನೀವು ಕೇಳಿದ್ದು ಒಂದೇ ಮಾತು.

"ಆ ಮನೇಲಿ ಯಾರಾದ್ರೂ ಇದಾರೇನಪ್ಪ? ಯಾರನ್ನೋ ಹೊರಗೆ ಹಾಕೋದಾದ್ರೆ ನಂಗೆ ಬೇಡ."

"ವೇಕೆಂಟ್ ಆಂಟಿ. ಚೆಕ್ ಮಾಡ್ಸಿದೀನಿ."

ಸಾಲದ ಫೈಲಿನಲ್ಲೇ ಆ ಮನೆಯ ಹೆಂಗಸಿನ ಪತ್ರವಿತ್ತು. ಗಂಡನಿಗೆ ಡಯಾಲಿಸಿಸ್, ತನಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಅರ್ಧ ಕಂತಾದರೂ ಕಟ್ಟುತ್ತೇನೆ, ದಯವಿಟ್ಟು — ಕೊನೆಗೆ ಫೋನ್ ನಂಬರನ್ನು ಎರಡು ಸಲ ಬರೆದಿದ್ದಳು. ವರಮಹಾಲಕ್ಷ್ಮಿ ಹಬ್ಬದಂದು ಸಾಲದ ಪತ್ರಗಳನ್ನು ದೇವರ ಮುಂದಿಡಬೇಕೆಂದಿರಿ. ನಿಮ್ಮ ಬ್ಲಾಕಿನ ಲಿಫ್ಟಿನಲ್ಲೇ ಅವಳ ಪತ್ರವನ್ನು ಕಿತ್ತು ಜೇಬಿಗೆ ತುರುಕಿದೆ. ಉಳಿದ ಹಾಳೆಗಳ ಮೂಲೆಗೆ ನೀವು ಅರಿಸಿನ-ಕುಂಕುಮ ಹಚ್ಚಿದಿರಿ. ನಾನು — ಥೂ — ಭಕ್ತನ ಹಾಗೆ ಕೈಮುಗಿದು ನಿಂತಿದ್ದೆ.

ಅರ್ಧ ಕಂತಿಗೆ ಒಪ್ಪಿದ್ದರೂ ನಮಗೆ ನಷ್ಟವಿರಲಿಲ್ಲ. ಲಾಭ ನಿಧಾನವಾಗುತ್ತಿತ್ತು, ಅಷ್ಟೆ. ಚಳಿಗಾಲಕ್ಕೆ ಮೊದಲೇ ಗಂಡ ಹೆಂಡತಿ ಇಬ್ಬರನ್ನೂ ಹೊರಹಾಕಿಸಿ ಮನೆ ಮಾರಿದೆವು. ನಿಮ್ಮ ಪಾಲು ಬಂದಾಗ ನನ್ನ ಮಕ್ಕಳಿಗೆ ಹೊಸ ಬಟ್ಟೆ ತಂದುಕೊಟ್ಟು, "ನಿನ್ನಂಥೋನು ಪ್ರತಿ ಮನೇಲೂ ಇರ್ಬೇಕು ಕಣಪ್ಪ" ಎಂದಿರಿ. ನಾನು ಬೀಗಿದೆ. ನಿಜವಾಗಿಯೂ ಬೀಗಿದೆ! ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ.

ಆರು ವರ್ಷವಾಯಿತು. ಹೋದ ವಾರ ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಬೇರೆ ಯಾರೋ. ಅಂಥ ಹೆಸರನ್ನೇ ಕೇಳಿಲ್ಲವೆಂದರು. ಅವಳ ಪತ್ರವನ್ನು ಇದರ ಜೊತೆಗಿಟ್ಟಿದ್ದೇನೆ.

ನಿಮ್ಮ ಹಣದಿಂದ ಯಾರೂ ಬೀದಿಗೆ ಬೀಳಲಿಲ್ಲವೆಂಬ ನೆಮ್ಮದಿಯಲ್ಲಿ ನೀವಿದ್ದೀರಿ, ಆಂಟಿ. ಇದನ್ನು ಓದಿದ ಮೇಲೆ ಅದೂ ಇರುವುದಿಲ್ಲ. ಗೊತ್ತಿದ್ದೇ ಕಳಿಸುತ್ತಿದ್ದೇನೆ.