ಹೊರಗೆ ಒಂದೇ ನಂಬರು, ಒಳಗೆ ಹನ್ನೊಂದು

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಎದುರಿನ ಇಂಟರ್ನೆಟ್ ಅಂಗಡಿಯಲ್ಲಿ ಬೆಳಗಿನ ಐದೂಮುಕ್ಕಾಲಿಗೇ ದೀಪ ಹೊತ್ತಿದೆ. ವಿಜಯದಶಮಿಯ ಮರುದಿನ. ಬಾಗಿಲಿಗೆ ಕಟ್ಟಿದ ಬಾಳೆಕಂದು ಇನ್ನೂ ಪೂರ್ತಿ ಬಾಡಿಲ್ಲ. ಒಳಗೆ ಮೇಜಿನ ಕೆಳಗೆ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ ಕೂತು, ಅಂಗೈಯಗಲದ ಪೆಟ್ಟಿಗೆಯೊಂದನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕುತ್ತಿದ್ದಾರೆ. ಆ ಪೆಟ್ಟಿಗೆಯ ಹೆಸರು ರೌಟರು. ಅಂಗಡಿಯ ಏಳು ಕಂಪ್ಯೂಟರುಗಳಿಗೂ ಇಂಟರ್ನೆಟ್ ಹಂಚುವುದು ಅದೇ. ಆಯುಧಪೂಜೆಯ ವಿಭೂತಿ, ಕುಂಕುಮ ಅದರ ತೂತುಗಳಲ್ಲಿ ಗಟ್ಟಿಯಾಗಿ ಕೂತಿವೆ.

"ಬೈಯಾಕ ಬರಂಗಿಲ್ರಿ ಅಮ್ಮಾರ," ಎನ್ನುತ್ತಾರೆ ಉಚ್ಚಂಗೆಮ್ಮ, ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನಗೆ, ತಲೆಯೆತ್ತದೆ. "ಭಕ್ತಿಲೆ ಹಚ್ಚಿರ್ತಾರ. ನೀರು ಚಿಮುಕಿಸಿಲ್ಲಲ್ಲ, ಅಷ್ಟ ಪುಣ್ಯ. ಹೋದ ವರ್ಷ ಹರಪನಹಳ್ಳ್ಯಾಗ ಒಬ್ರು ಇದರ ಮುಂದ ಕಾಯಿ ಒಡದಿದ್ರು. ಕಾಯಿನೀರೆಲ್ಲಾ ಒಳಗ."

ನಲವತ್ತೈದು ವರ್ಷದ ಉಚ್ಚಂಗೆಮ್ಮನವರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಅರವತ್ನಾಲ್ಕು ರೌಟರುಗಳು ಅವರ ನೋಟ್‌ಬುಕ್ಕಿನಲ್ಲಿವೆ. ದಿನಕ್ಕೆ ಎರಡು ಬಸ್ಸು, ಕೆಲವೊಮ್ಮೆ ನಾಲ್ಕು. ಹಬ್ಬದ ಮರುದಿನ ಮಾತ್ರ ಫೋನು ಬಿಡುವು ಕೊಡುವುದಿಲ್ಲ. ಐದೂ ಊರುಗಳಲ್ಲಿ ಎಲ್ಲರೂ ಎಲ್ಲವನ್ನೂ ಆರಿಸಿ, ಒರೆಸಿ, ಪೂಜೆ ಮಾಡಿ, ಮತ್ತೆ ಹಚ್ಚಿರುತ್ತಾರಲ್ಲ.

ಅವರ ಹೆಗಲಿನ ಚೀಲಕ್ಕೆ ಹನ್ನೊಂದು ಜೇಬುಗಳು. ವೈರಿಗೊಂದು, ಇಕ್ಕಳಕ್ಕೊಂದು, ಬ್ರಷ್ಷಿಗೊಂದು. ಹೊಲಿದುಕೊಟ್ಟವರು ಕೊಟ್ಟೂರಿನಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಅವರ ಗಂಡ ಕೊಟ್ರಬಸಪ್ಪ. ಹನ್ನೊಂದೇ ಯಾಕೆ ಎಂದರೆ ಉಚ್ಚಂಗೆಮ್ಮ ನಗುತ್ತಾರೆ. ಅದಕ್ಕೊಂದು ಕಥೆಯಿದೆ.

ಅವರು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯವರು. ಹತ್ತನೇ ತರಗತಿ ಮುಗಿಸಿ, ಹತ್ತೊಂಬತ್ತನೇ ವಯಸ್ಸಿಗೆ ಹತ್ತಿ ಮಿಲ್ಲೊಂದರಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತರು. ಹದಿನೇಳು ವರ್ಷ ಅಲ್ಲೇ.

"ಹೊರಗಿನವ್ರಿಗೆ ಮಿಲ್ಲು ಅಂದ್ರ ಒಂದ ನಂಬರ್ರಿ. ಒಳಗ ಹನ್ನೊಂದು ಫೋನು. ಗೋದಾಮಿನವ್ರು ಗುಂಟೂರಿಗೆ ಮಾತಾಡ್ಬೇಕಂದ್ರ ನಾನ ಹಚ್ಚಿಕೊಡ್ಬೇಕು. ಅಲ್ಲಿಂದ ತಿರುಗಿ ಫೋನು ಬಂದ್ರ, ಯಾರು ಕೇಳಿದ್ರು ಅಂತ ನೆನಪಿಟ್ಟು ಅವ್ರಿಗೇ ಕೊಡ್ಬೇಕು. ಈ ಡಬ್ಬಿ ಮಾಡೋದೂ ಅದ ಕೆಲಸ ನೋಡ್ರಿ."

ರೌಟರಿನ ಬಗ್ಗೆ ಇಷ್ಟು ಸರಳವಾದ ವಿವರಣೆ ಬೇರೆಲ್ಲೂ ಸಿಗಲಾರದು. ಅಂಗಡಿಯ ಒಳಗಿನ ಪ್ರತಿ ಯಂತ್ರಕ್ಕೂ ಒಂದೊಂದು ಒಳನಂಬರು. ಹೊರಜಗತ್ತಿಗೆ ಕಾಣುವುದು ಮಾತ್ರ ಒಂದೇ. ಒಳಗಿನವರು ಕೇಳಿದ್ದನ್ನು ರೌಟರು ಬರೆದಿಟ್ಟುಕೊಂಡು, ಬಂದ ಉತ್ತರವನ್ನು ಕೇಳಿದವರಿಗೇ ತಲುಪಿಸುತ್ತದೆ. ಹೊರಗಿನವರೇ ಮೊದಲು ಬಂದು ಬಾಗಿಲು ತಟ್ಟಿದರೆ ಅದಕ್ಕೆ ದಿಕ್ಕು ತಿಳಿಯುವುದಿಲ್ಲ. ಇಂಥವರು ಬಂದರೆ ಇಂಥ ಒಳನಂಬರಿಗೆ ಕಳಿಸು ಎಂದು ಮೊದಲೇ ಹೇಳಿಟ್ಟಿರಬೇಕು.

ಮಿಲ್ಲಿಗೆ ತಾನೇ ಕರೆ ತಿರುಗಿಸುವ ಯಂತ್ರ ಬಂದ ದಿನ ಉಚ್ಚಂಗೆಮ್ಮನವರ ಕೆಲಸ ಹೋಯಿತು. ಅದನ್ನು ಕೂರಿಸಲು ಬಂದಿದ್ದ ಎಂಜಿನಿಯರು ಹೊರಡುವಾಗ ತನ್ನ ಸ್ಕ್ರೂಡ್ರೈವರನ್ನೂ ಯಂತ್ರದ ಪುಸ್ತಕವನ್ನೂ ಅವರ ಕೈಗಿಟ್ಟು, "ಇದರ ಹೊಟ್ಟೆಯಲ್ಲಿ ಏನಿದೆ ಅಂತ ನನಗಿಂತ ನಿಮಗೇ ಬೇಗ ತಿಳಿಯುತ್ತೆ" ಎಂದನಂತೆ. ಆ ಹುಡುಗನ ಹೆಸರು ಅವರಿಗೆ ನೆನಪಿಲ್ಲ. ಸ್ಕ್ರೂಡ್ರೈವರು ಇನ್ನೂ ಇದೆ, ಮೂರನೇ ಜೇಬಿನಲ್ಲಿ. ಮೊದಮೊದಲು ಅಂಗಡಿಗಳ ಫೋನು ರಿಪೇರಿ, ಆಮೇಲೆ ಕೂಡ್ಲಿಗಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿಕೆ. ಈ ಊರುಗಳಿಗೆ ಬ್ರಾಡ್‌ಬ್ಯಾಂಡ್ ಬಂದಾಗ ಈ ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಧೈರ್ಯ ಇದ್ದವರು ಅವರೊಬ್ಬರೇ. ಈಗಲೂ ಹೊಸ ಜಾಗಕ್ಕೆ ಹೋದರೆ, "ಮೆಕ್ಯಾನಿಕ್ ಹಿಂದ ಬರಾಕತ್ಯಾನೇನಮ್ಮ?" ಎಂದು ಕೇಳುವವರಿದ್ದಾರೆ.

ಆರೂಹತ್ತಕ್ಕೆ ಫೋನು ಬರುತ್ತದೆ. ಹಡಗಲಿಯ ಸಣ್ಣದೊಂದು ಆಸ್ಪತ್ರೆಯ ನರ್ಸ್ ಅಮೃತಾ. ದನಿಯಲ್ಲಿ ಗಾಬರಿ.

ಆ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರಿದ್ದಾರೆ, ಎಳೆಗೂಸುಗಳ ಡಾಕ್ಟರಿಲ್ಲ. ಅದಕ್ಕೇ ಒಂದು ವರ್ಷದ ಹಿಂದೆ, ಕೂಸನ್ನು ಬೆಚ್ಚಗೆ ಮಲಗಿಸುವ ದೀಪದ ತೊಟ್ಟಿಲಿನ ಪಕ್ಕ ಉಚ್ಚಂಗೆಮ್ಮನವರೇ ಒಂದು ಕ್ಯಾಮೆರಾ ಕೂರಿಸಿದ್ದಾರೆ. ದಾವಣಗೆರೆಯ ಮಕ್ಕಳ ಡಾಕ್ಟರು ತಮ್ಮ ಮನೆಯಿಂದಲೇ ಅದನ್ನು ತೆರೆದು ನೋಡಿ, ಏನು ಮಾಡಬೇಕೆಂದು ಫೋನಿನಲ್ಲಿ ಹೇಳುತ್ತಾರೆ. ರಾತ್ರಿ ಒಂದು ಹೆಣ್ಣುಕೂಸು ಹುಟ್ಟಿದೆ, ದಿನ ತುಂಬುವ ಮೊದಲೇ. ಉಸಿರಿಗೆ ತಿಣುಕುತ್ತಿದೆ. ಡಾಕ್ಟರಿಗೆ ಕ್ಯಾಮೆರಾ ಕಾಣುತ್ತಿಲ್ಲ. ಎಂಟು ಗಂಟೆಯೊಳಗೆ ಕಾಣದಿದ್ದರೆ ಕೂಸನ್ನು ಅಂಬುಲೆನ್ಸಿನಲ್ಲಿ ದಾವಣಗೆರೆಗೆ ಕಳಿಸಿ ಎಂದಿದ್ದಾರೆ. ಮೂರು ಗಂಟೆಯ ದಾರಿ. ಒಂದೂಮುಕ್ಕಾಲು ಕೆಜಿಯ ಕೂಸಿಗೆ ಆ ದಾರಿಯೇ ಭಯ.

ಆಸ್ಪತ್ರೆಯ ಒಳಗೆ ಇಂಟರ್ನೆಟ್ ಸರಿಯಾಗಿದೆ. ಕ್ಯಾಮೆರಾದ ಹಸಿರು ದೀಪ ಉರಿಯುತ್ತಿದೆ. ಅಂದರೆ ಯಾವ ಯಂತ್ರವೂ ಕೆಟ್ಟಿಲ್ಲ. ಉಚ್ಚಂಗೆಮ್ಮ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಓಡುತ್ತಾರೆ.

ಬಸ್ಸು ಹೊರಡುವುದರಲ್ಲಿದೆ. ಡ್ರೈವರ್ ಹಿಂದಿನ ಸೀಟು ದಿನಾ ಅವರದು. ಇವತ್ತು ತಡವಾದ್ದರಿಂದ ಅಲ್ಲಿ ಯಾರೋ ಹಿರಿಯರು ಕೂತಿದ್ದಾರೆ. ಉಚ್ಚಂಗೆಮ್ಮನಿಗೆ ಹಿಂದೆ ಜಾಗ ಸಿಗುತ್ತದೆ. ಕೊಟ್ರಬಸಪ್ಪ ದಿನದಂತೆ ಬುತ್ತಿಯ ಡಬ್ಬಿ ತಂದು ಕಂಡಕ್ಟರ್ ಪಾಲಾಕ್ಷಪ್ಪನ ಕೈಗೆ ಕೊಟ್ಟು ಹೋಗಿದ್ದಾರೆ. ಪಾಲಾಕ್ಷಪ್ಪ ಟಿಕೆಟ್ ಲೆಕ್ಕದಲ್ಲಿ ಮುಳುಗಿದ್ದವನು, ದಿನದ ರೂಢಿಯಂತೆ, ಮುಖ ನೋಡದೆ ಅದನ್ನು ಡ್ರೈವರ್ ಹಿಂದಿನ ಸೀಟಿಗೆ ಕೊಡುತ್ತಾನೆ. ಹಗರಿಬೊಮ್ಮನಹಳ್ಳಿ ದಾಟುವಾಗ ಹಿರಿಯರು ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಮುಗಿಸಿದ್ದಾರೆ.

"ಯಜಮಾನ್ರ, ಅದು ನಮ್ಮಕ್ಕಾರ ಬುತ್ತಿ," ಪಾಲಾಕ್ಷಪ್ಪ ಹಣೆ ಬಡಿದುಕೊಳ್ಳುತ್ತಾನೆ.

"ನೀನ ಕೊಟ್ಟೆಲ್ಲೋ ತಮ್ಮಾ. ಹಬ್ಬದ ಪ್ರಸಾದ ಇರಬೇಕು ಅಂತ ನಾನೂ ಸುಮ್ಮನ ತಿಂದೆ. ಚಟ್ನಿ ಚಲೋ ಐತಿ."

ಬಸ್ಸೆಲ್ಲ ನಗುತ್ತದೆ. ಉಚ್ಚಂಗೆಮ್ಮನೂ ನಗುತ್ತಾರೆ, ಮತ್ತು ನಗು ಅರ್ಧಕ್ಕೇ ನಿಲ್ಲುತ್ತದೆ. ಸೀಟು ಅದೇ, ಕೂತವರು ಬೇರೆ. ಕೂಡಲೇ ಹಡಗಲಿಗೆ ಫೋನು ಹಚ್ಚುತ್ತಾರೆ.

"ಅಮೃತಾ, ಹಬ್ಬದಾಗ ಎಲ್ಲಾ ಆರಿಸಿದ್ರೇನವ್ವ?"

"ಹ್ಞೂಂ ಅಕ್ಕಾ. ಆಗ ಕೂಸು ಯಾವೂ ಇದ್ದಿಲ್ಲ. ನಿನ್ನಿ ಸಂಜಿಕ ಮತ್ತ ಹಚ್ಚೀವಿ."

"ಹೊಸದೇನಾರ ತಂದೀರೇನು?"

"ಬಿಲ್ ಬರಿಯೋ ಕಡೆ ಹೊಸ ಕಂಪ್ಯೂಟರ್ ಬಂದೈತಿ. ಮರುಳಪ್ಪಾರು ಪೂಜಿ ಮಾಡಿ, ಅದನ್ನ ಮೊದಲ…" ಅಷ್ಟರಲ್ಲಿ ಫೋನು ಕಡಿದುಹೋಗುತ್ತದೆ. ಅಲ್ಲಿಂದಾಚೆ ಸಿಗ್ನಲ್ ಇಲ್ಲ.

ಇಷ್ಟು ಸಾಕು ಅವರಿಗೆ. ಕರೆಂಟ್ ಆರಿದರೆ ಆ ರೌಟರು ಒಳನಂಬರುಗಳನ್ನೆಲ್ಲ ಮರೆತು, ಮತ್ತೆ ಹಚ್ಚಿದಾಗ ಮೊದಲು ಬಂದವರಿಗೆ ಮೊದಲ ನಂಬರು ಕೊಡುತ್ತದೆ. ದಿನಾ ಆ ನಂಬರು ಕ್ಯಾಮೆರಾದ್ದು; ಡಾಕ್ಟರನ್ನು ಆ ನಂಬರಿಗೆ ಕಳಿಸು ಎಂದು ಹೇಳಿಟ್ಟದ್ದನ್ನು ಮಾತ್ರ ರೌಟರು ಮರೆಯುವುದಿಲ್ಲ. ನಿನ್ನೆ ಅದು ಹೊಸ ಕಂಪ್ಯೂಟರಿಗೆ ಹೋಗಿದೆ. ದಾವಣಗೆರೆಯ ಡಾಕ್ಟರು ಬೆಳಗಿನಿಂದ ತಟ್ಟುತ್ತಿರುವುದು ತೊಟ್ಟಿಲಿನ ಬಾಗಿಲನ್ನಲ್ಲ, ಬಿಲ್ ಕೌಂಟರಿನ ಬಾಗಿಲನ್ನು. ರೌಟರು, ಕಂಪ್ಯೂಟರು, ಕ್ಯಾಮೆರಾ ಆರಿಸಿ, ಕಂಪ್ಯೂಟರಿಗಿಂತ ಮೊದಲು ಕ್ಯಾಮೆರಾ ಹಚ್ಚಿದರೆ ಸಾಕು. ಆದರೆ ಹೇಳುವುದು ಹೇಗೆ? ಹಡಗಲಿ ಇನ್ನೂ ಮುಕ್ಕಾಲು ಗಂಟೆ ದೂರ, ಆಗಲೇ ಏಳೂ ಇಪ್ಪತ್ತೈದು.

ಡ್ರೈವರ್ ಜೋಗಪ್ಪ ಕನ್ನಡಿಯಲ್ಲಿ ಅವರ ಮುಖ ನೋಡಿರಬೇಕು. ಏನೆಂದು ಕೇಳುತ್ತಾನೆ, ಅವರು ಹೇಳುತ್ತಾರೆ. ಮುಂದಿನ ದಿಬ್ಬದ ಮೇಲೆ ಬಸ್ಸನ್ನು ಬದಿಗೆ ಹಾಕಿ ಇಂಜಿನ್ ಆರಿಸುತ್ತಾನೆ. "ಇಲ್ಲಿ ಸಿಗ್ನಲ್ ಸಿಗ್ತೈತಿ. ಮಾತಾಡಕ್ಕ."

"ಯಾಕೋ ಜೋಗಪ್ಪ, ಎತ್ತಿಗೆ ಮೇವು ಹಾಕಬೇಕೇನು?" ಹಿಂದಿನಿಂದ ಯಾರದೋ ಕುಟುಕು.

"ಎಳೆಗೂಸಿನ ಮಾತು. ಸುಮ್ಮನ ಕುಂದ್ರೋ ಮಾರಾಯ."

ಉಚ್ಚಂಗೆಮ್ಮ ಮತ್ತೆ ಫೋನು ಹಚ್ಚುತ್ತಾರೆ. ಅಮೃತಾ ಸಿಗುತ್ತಾಳೆ, ಅರ್ಥವೂ ಮಾಡಿಕೊಳ್ಳುತ್ತಾಳೆ. ಆದರೆ ಬಿಲ್ ಬರೆಯುವ ಹಿರಿಯ ಗುಮಾಸ್ತ ಮರುಳಪ್ಪ ಒಪ್ಪುವುದಿಲ್ಲ. ಫೋನು ಅವರ ಕೈಗೆ ಹೋಗುತ್ತದೆ. ಅವರ ದನಿ ಎಷ್ಟು ಜೋರೆಂದರೆ ಪಕ್ಕದ ಸೀಟಿಗೂ ಕೇಳುತ್ತದೆ.

"ಒಳ್ಳೆ ಹೊತ್ತು ನೋಡಿ ಹಚ್ಚೀವವ್ವ. ಒಂದು ದಿನಾನೂ ಆಗಿಲ್ಲ, ಆರಿಸು ಅಂತೀಯಲ್ಲ. ನಿಮ್ಮ ಕ್ಯಾಮೆರಾ ಮೊದಲು, ಇದು ಆಮ್ಯಾಲೆ ಅಂದ್ರ ಹೆಂಗ? ಹೊಸದಕ್ಕ ಮೊದಲ ಮಾನ. ನಮ್ಮಲ್ಲಿ ಅದ ರೂಢಿ."

ಉಚ್ಚಂಗೆಮ್ಮನ ದನಿ ಏರುವುದಿಲ್ಲ. ಹದಿನೇಳು ವರ್ಷ ಬೋರ್ಡಿನ ಮುಂದೆ ಕೂತವರ ದನಿ ಅದು.

"ಖರೇ ಐತ್ರಿ ಮರುಳಪ್ಪಾರ. ಹೊಸದಕ್ಕ ಮೊದಲ ಮಾನ. ಕಂಪ್ಯೂಟರ್ ಮೊನ್ನಿ ಬಂತು. ಕೂಸು ರಾತ್ರಿ ಬಂದೈತಿ. ನೀವ ಹೇಳ್ರಿ, ಯಾವುದು ಹೊಸದು?"

ಆ ಕಡೆ ಕುರ್ಚಿ ಸರಿದ ಸದ್ದು, ಸ್ವಿಚ್ಚುಗಳ ಟಕಟಕ. ಆಮೇಲೆ, "ಆರಿಸಿದೆ ನೋಡವ್ವ. ಮುಂದೇನು?"

ಮೊದಲು ರೌಟರು ಒಂದನ್ನೇ ಹಚ್ಚಬೇಕು. ಅದರ ದೀಪಗಳು ನಿಂತ ಮೇಲೆ ಕ್ಯಾಮೆರಾ. ಆಮೇಲೆ ನೂರು ಎಣಿಸಬೇಕು. ಉಚ್ಚಂಗೆಮ್ಮ ಫೋನಿನಲ್ಲಿ ಗಟ್ಟಿಯಾಗಿ ಎಣಿಸುತ್ತಾರೆ. ಖಾಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡ ಹಿರಿಯರೂ ತುಟಿಯಲ್ಲೇ ಎಣಿಸುತ್ತಿರುವುದು ಕಾಣುತ್ತದೆ. ತೊಂಬತ್ತರ ಹತ್ತಿರ ಇಡೀ ಬಸ್ಸೇ ಎಣಿಸುತ್ತಿದೆಯೇನೋ ಅನ್ನಿಸುತ್ತದೆ. ನೂರಾದ ಮೇಲೆ ಅಮೃತಾ ದಾವಣಗೆರೆಗೆ ಇನ್ನೊಂದು ಫೋನಿನಲ್ಲಿ ಮಾತಾಡುವುದು ದೂರದಿಂದ ಕೇಳಿಸುತ್ತದೆ. ಆಮೇಲೆ ಅವಳ ದನಿ:

"ಅಕ್ಕಾ, ಡಾಕ್ಟ್ರಿಗೆ ಕೂಸು ಕಾಣಾಕತ್ತೈತಿ."

ಜೋಗಪ್ಪ ಬಸ್ಸು ಹೊರಡಿಸುತ್ತಾನೆ.

ನಾವು ಹಡಗಲಿ ತಲುಪುವಾಗ ಎಂಟೂ ಇಪ್ಪತ್ತು. ಅಂಬುಲೆನ್ಸು ಆಸ್ಪತ್ರೆಯ ಅಂಗಳದಲ್ಲೇ ನಿಂತಿದೆ, ಅದರ ಡ್ರೈವರ್ ಚಹಾ ಕುಡಿಯುತ್ತಿದ್ದಾನೆ. ಕೂಸು ದೀಪದ ತೊಟ್ಟಿಲಲ್ಲಿ ಅಂಗಾತ ಮಲಗಿದೆ. ಉಸಿರು ಸಮನಾಗಿದೆ.

ಆದದ್ದಿಷ್ಟು. ಕೂಸಿನ ಅಜ್ಜಿ ಎರ್ರಮ್ಮ, ಬರಿ ಹಾಸಿಗೆ ಒತ್ತುತ್ತದೆಂದು, ತಮ್ಮ ಹಳೆಯ ಮೆತ್ತನೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕೂಸಿನ ತಲೆಯಡಿ ಇಟ್ಟಿದ್ದರು. ಮೇಲೆ ಹೊದಿಕೆ ಇದ್ದುದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ದಾವಣಗೆರೆಯ ಡಾಕ್ಟರು ಹೊದಿಕೆ ಸರಿಸಲು ಹೇಳಿ, ಕ್ಯಾಮೆರಾದಲ್ಲಿ ನೋಡಿದೊಡನೆ ಕಂಡಿದೆ: ಗದ್ದ ಎದೆಗೆ ತಾಗುತ್ತಿದೆ, ಉಸಿರಿನ ದಾರಿ ಮಡಚಿದೆ. ಸೀರೆ ತೆಗೆದು, ಭುಜದಡಿ ತೆಳುವಾದ ಬಟ್ಟೆಯಿಟ್ಟ ಹತ್ತೇ ನಿಮಿಷಕ್ಕೆ ತಿಣುಕು ಇಳಿದಿದೆ. ಇಲ್ಲೇ ಇರಲಿ, ನಾನು ಗಂಟೆಗೊಮ್ಮೆ ನೋಡುತ್ತೇನೆ ಎಂದಿದ್ದಾರೆ.

ಎರ್ರಮ್ಮ ಮೂಲೆಯಲ್ಲಿ ಆ ಸೀರೆಯನ್ನು ಹಿಡಿದು ಕೂತಿದ್ದಾರೆ. ಯಾರೂ ಅವರನ್ನು ಬೈದಿಲ್ಲ. ಅಮೃತಾ ಅದನ್ನು ಅವರ ಕೈಯಿಂದ ತೆಗೆದುಕೊಂಡು, "ಮನಿಗಿ ಹೋದ ಮ್ಯಾಲೆ ಹೊದಿಸೋಣಂತಜ್ಜಿ, ಮೆತ್ತಗೈತಿ," ಎಂದು ತೊಟ್ಟಿಲಿನ ಕಾಲ ಬದಿಗೆ ಮಡಿಚಿಡುತ್ತಾಳೆ.

ಉಚ್ಚಂಗೆಮ್ಮ ರೌಟರಿನ ಮುಂದೆ ಕೂತಿದ್ದಾರೆ. ಇನ್ನು ಯಾರು ಮೊದಲು ಬಂದರೂ ಕ್ಯಾಮೆರಾದ ನಂಬರು ಕ್ಯಾಮೆರಾಕ್ಕೇ ಉಳಿಯುವಂತೆ ಕಾಯಂ ಮಾಡುತ್ತಿದ್ದಾರೆ.

"ಇದನ್ನ ವರ್ಷದ ಹಿಂದ ಮಾಡಬೇಕಿತ್ರಿ. ದಿನಾ ಸರಿ ನಡೀತಿತ್ತು, ಬಿಟ್ಟೆ. ರೂಢಿ ನಂಬಿ ಕುಂತಿದ್ದು ಮರುಳಪ್ಪಾರು ಒಬ್ರ ಅಲ್ಲ, ನಾನೂ. ನಾಳಿಂದ ಉಳಿದ ಡಬ್ಬಿಗಳನ್ನೂ ನೋಡಬೇಕು."

ಆಮೇಲೆ ಒಂದು ಚೀಟಿ ಬರೆಯುತ್ತಾರೆ: ಯಾವ ಯಂತ್ರಕ್ಕೆ ಯಾವ ನಂಬರು, ಯಾವುದನ್ನು ಮೊದಲು ಹಚ್ಚಬೇಕು. ರೌಟರಿನ ಪಕ್ಕದ ಗೋಡೆಗೆ ಅಂಟಿಸುತ್ತಾರೆ. ಇಂಥ ಚೀಟಿಗಳನ್ನು ಅವರು ಎಲ್ಲೆಡೆ ಅಂಟಿಸಿದ್ದಾರಂತೆ. ಪ್ರತಿ ಹಬ್ಬಕ್ಕೆ ಸುಣ್ಣ ಬಳಿಯುವಾಗ ಅರ್ಧಕ್ಕರ್ಧ ಹೋಗುತ್ತವೆ. ನಿಮಗೇನು ಬೇಕು ಎಂದು ಕೇಳಿದರೆ ಅವರು ಕೇಳುವುದು ಅದೊಂದನ್ನೇ.

"ಈ ಚೀಟಿ ಕೀಳಬಾರದು, ಅಷ್ಟ ಸಾಕ್ರಿ."

ಹಿಂದೆ ನಿಂತಿದ್ದ ಮರುಳಪ್ಪ ಒಳಗೆ ಹೋಗಿ ಕುಂಕುಮದ ಬಟ್ಟಲು ತರುತ್ತಾರೆ. ಉಚ್ಚಂಗೆಮ್ಮನ ಕೈ ಥಟ್ಟನೆ ರೌಟರಿಗೆ ಅಡ್ಡ ಹೋಗುತ್ತದೆ. ಮರುಳಪ್ಪ ಅದರ ಗೊಡವೆಗೆ ಹೋಗದೆ, ಚೀಟಿಯ ತಲೆಯ ಮೇಲೆ ಒಂದು ಬೊಟ್ಟು ಇಡುತ್ತಾರೆ.

"ಇನ್ನ ಇದಕ್ಕ ಯಾವನೂ ಕೈ ಹಚ್ಚಂಗಿಲ್ಲ ಬಿಡವ್ವ."

ಉಚ್ಚಂಗೆಮ್ಮ ಚೀಟಿಯನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಸ್ಕ್ರೂಡ್ರೈವರನ್ನು ಮೂರನೇ ಜೇಬಿಗೆ ಹಾಕಿ, ಚೀಲ ಹೆಗಲಿಗೇರಿಸುತ್ತಾರೆ. ಹರಪನಹಳ್ಳಿಯ ಬಸ್ಸಿಗೆ ಹೊತ್ತಾಗುತ್ತಿದೆ.

"ಕರೆಂಟ್ ಹೋದ್ರ ಈ ಡಬ್ಬಿ ಎಲ್ಲಾ ಮರೀತೈತ್ರಿ ಅಮ್ಮಾರ," ಮೆಟ್ಟಿಲಿಳಿಯುತ್ತ ಹೇಳುತ್ತಾರೆ. "ನಾನು ಹದಿನೇಳು ವರ್ಷದಾಗ ಒಂದ ಫೋನೂ ಬ್ಯಾರೆ ಕಡೆ ಕೊಟ್ಟಾಕಿ ಅಲ್ಲ. ಇವತ್ತು ಡಾಕ್ಟ್ರದೊಂದು ದಾರಿ ತಪ್ಪಿತ್ತು. ಕೂಸಿಗೆ ಮುಟ್ತು."